ಮೇಲೆ ಕೆಂಡ, ಕೆಳಗೆ ಕೆಂಡ, ನಡುವೆ ಸೇಬು

"ಮಿಸ್ತ್ರಿ, ಇದಕ್ಕೆ ಮತ್ತೆ ಜೀವ ಬತ್ತದಾ?"

ಕಾರವಾರದ ತನ್ನ ರಿಪೇರಿ ಅಂಗಡಿಯಲ್ಲಿ ರವಿಕಿರಣ ತಲೆ ಎತ್ತಿದ. ಬಿಚ್ಚಿ ಹರಡಿದ್ದ ಮಿಕ್ಸರಿನ ಪಕ್ಕದಲ್ಲಿ ಹಳೇ ಸೀರೆಯ ಗಂಟೊಂದು ಬಂದು ಕೂತಿತ್ತು. ಗಂಟಿನ ಹಿಂದೆ ಒಬ್ಬ ಹುಡುಗಿ. ಅಕ್ಟೋಬರಿನ ಬಿಸಿಲಲ್ಲಿ ನಡೆದೇ ಬಂದಿದ್ದಳೋ ಏನೋ, ಅವಳ ಮೂಗಿನ ತುದಿಯಲ್ಲಿ ಬೆವರಿನ ಹನಿಯೊಂದು ಬೀಳಲೋ ಬೇಡವೋ ಎಂದು ಯೋಚಿಸುತ್ತಿತ್ತು. ರಿಪೇರಿಯವನಾದವನು ಗಂಟನ್ನು ನೋಡಬೇಕು. ಇವನು ಹನಿಯನ್ನೇ ನೋಡುತ್ತ ಕೂತ.

"ಕೆಟ್ಟದ್ದು ನಾನಲ್ಲ ಮಿಸ್ತ್ರಿ. ಇದು," ಎಂದು ಅವಳು ಗಂಟು ಬಿಚ್ಚಿದಳು.

ಒಳಗೆ ದುಂಡಗಿನ ಅಲ್ಯೂಮಿನಿಯಂ ಓವನ್ ಇತ್ತು. ಮುಚ್ಚಳದ ನಡುವೆ ಅಂಗೈಯಗಲದ ಗಾಜಿನ ಕಿಟಕಿ. ಹತ್ತು ವರ್ಷದ ಹಿಂದೆ ಪೇಟೆಯ ನಾಲ್ಕಾರು ಮನೆಗಳಲ್ಲಿದ್ದದ್ದು, ಈಗ ಎಲ್ಲರ ಅಟ್ಟ ಸೇರಿತ್ತು. ರವಿಕಿರಣ ಮುಚ್ಚಳ ತೆಗೆದು ಮೂಸಿ ನೋಡಿದ. ಸುಟ್ಟ ವಯರಿನ ವಾಸನೆಯ ಕೆಳಗೆ, ಬಹಳ ಹಿಂದಿನ ಬೆಣ್ಣೆ ಮತ್ತು ದಾಲ್ಚಿನ್ನಿಯ ಪರಿಮಳ ಇನ್ನೂ ಉಳಿದಿತ್ತು.

"ಬಾಬಾ, ನಮ್ಮ ಅಪ್ಪ, ಬೊಂಬಾಯಿಂದ ತಂದದ್ದು. ಹಡಗಲ್ಲಿ ಕುಕ್ ಆಗಿದ್ರು. ಇದ್ರಲ್ಲಿ ಸೇಬು ಬೇಯಿಸೂದು."

"ಸೇಬು ಎಂತಕೆ ಬೇಯಿಸೂದು? ಹಾಗೇ ತಿನ್ನೂಕೆ ಆಗೂದಿಲ್ವಾ?"

"ತಿಂದವ್ರಿಗೆ ಗೊತ್ತು," ಎಂದು ಅವಳು ನಕ್ಕಳು. ನಗುವಾಗ ಹನಿ ಬಿತ್ತು. "ಬೇಗ ಮಾಡಿ ಕೊಡಿ ಮಾರಾಯ್ರೆ. ಮನೇಲಿ ನೋಡೂಕೆ ಬರೋರು ಜಾಸ್ತಿ ಆಗ್ಯಾರೆ. ಭಾನುವಾರ ಬಂತಂದ್ರೆ ಒಂದಲ್ಲ ಒಂದು ತಂಡ."

ರವಿಕಿರಣನ ಕೈಯ ಸ್ಕ್ರೂಡ್ರೈವರ್ ಅಲ್ಲೇ ನಿಂತಿತು. ಪರಿಚಯವಾಗಿ ಐದು ನಿಮಿಷವೂ ಆಗದ ಹುಡುಗಿಯನ್ನು ಭಾನುವಾರಕ್ಕೊಂದು ತಂಡ ನೋಡಲು ಬರುತ್ತದೆಯಂತೆ. ಬಾರದೆ ಏನು ಮಾಡುತ್ತದೆ ಎಂದು ಅವನಿಗೇ ಅನ್ನಿಸಿತು. ಆದರೂ ಓವನ್ನನ್ನು ಬೇಕಾದ್ದಕ್ಕಿಂತ ಜೋರಾಗಿ ತಿರುವಿ ಹಾಕಿ ತಳ ಬಿಚ್ಚಿದ.

"ಕಾಯಿಲ್ ಸುಟ್ಟಿದೆ. ಹುಬ್ಬಳ್ಳಿಯಿಂದ ತರಿಸ್ಬೇಕು," ಎಂದ.

ಅವಳು ಹಳೇ ಬಿಲ್ಲೊಂದರ ಹಿಂದೆ ನಂಬರು ಬರೆದಳು. ಅಂಕಿಗಳು ಗುಂಡಗೆ, ಮಕ್ಕಳಿಗೆ ತಿದ್ದಿಸುವವರ ಅಕ್ಷರ. "ಬಂದ ಕೂಡ್ಲೆ ಫೋನ್ ಮಾಡಿ. ನೀತಾ ಅಂದ್ರೆ ಸಾಕು. ಬೈತಖೋಲದ ಅಂಗನವಾಡಿ ಟೀಚರ್."

ಕಾಯಿಲ್ ನಾಲ್ಕನೇ ದಿನಕ್ಕೆ ಬಂತು. ಕೂರಿಸುವುದು ಅರ್ಧ ಗಂಟೆಯ ಕೆಲಸ. ರವಿಕಿರಣ ಒಳಗೊಂದು ಪಾವ್ ಇಟ್ಟು ಪರೀಕ್ಷೆ ಮಾಡಿದ. ಗಾಜಿನ ಕಿಟಕಿಯೊಳಗೆ ಪಾವ್ ನಿಧಾನಕ್ಕೆ ಕೆಂಪೇರಿತು. ಅವನು ಫೋನ್ ಎತ್ತಿ ಮೂರು ಅಂಕಿ ಒತ್ತಿದ. ಆಮೇಲೆ ಯೋಚನೆ ಬಂತು. ಫೋನ್ ಮಾಡಿದರೆ ಅವಳು ಬರುತ್ತಾಳೆ, ಓವನ್ ಒಯ್ಯುತ್ತಾಳೆ. ಭಾನುವಾರ ಯಾವನೋ ಒಬ್ಬ ಜಮಖಾನದ ಮೇಲೆ ಕೂತು ಅವಳು ಬೇಯಿಸಿದ ಸೇಬು ತಿನ್ನುತ್ತಾನೆ, ತಿಂದವನು ಒಪ್ಪದೇ ಇರುತ್ತಾನೆಯೇ?

ಅವನು ಫೋನ್ ಕೆಳಗಿಟ್ಟ. ಓವನ್ನನ್ನು ಅದೇ ಸೀರೆಯಲ್ಲಿ ಸುತ್ತಿ ಟೇಬಲ್ಲಿನ ಅಡಿಗೆ, ಹಳೇ ಫ್ಯಾನಿನ ರೆಕ್ಕೆಗಳ ಹಿಂದೆ ತಳ್ಳಿದ. ಬಾಳೆಗುಳಿಯ ಒಕ್ಕಲುಮನೆಯಲ್ಲಿ ಹುಟ್ಟಿ, ಇಪ್ಪತ್ತೊಂಬತ್ತು ವರ್ಷ ಯಾರ ವಸ್ತುವನ್ನೂ ಒಂದು ದಿನ ಹೆಚ್ಚು ಇಟ್ಟುಕೊಳ್ಳದ ಮನುಷ್ಯ ಅವನು. ಅವತ್ತು ಕೆಟ್ಟ.

ಬುಧವಾರ ಮಧ್ಯಾಹ್ನ, ಅಂಗನವಾಡಿ ಮುಗಿಸಿ, ನೀತಾ ತಾನೇ ಬಂದಳು.

"ಬಂತಾ ಮಿಸ್ತ್ರಿ?"

"ಇನ್ನೂ ಇಲ್ಲ."

"ಹುಬ್ಬಳ್ಳಿಯಿಂದ ನಡೀತಾ ಬತ್ತದಾ ನಿಮ್ಮ ಕಾಯಿಲ್?"

"ಅರಬೈಲ್ ಘಟ್ಟ ಇಳೀಬೇಕಲ್ಲ," ಎಂದ ರವಿಕಿರಣ. ಸುಳ್ಳು ಇಷ್ಟು ಸಲೀಸಾಗಿ ಬಾಯಿಗೆ ಬಂದದ್ದಕ್ಕೆ ಅವನಿಗೇ ಹೆದರಿಕೆಯಾಯಿತು.

ಅವಳು ಹೋಗಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತಳು. ಅವಳ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿ ಅವಳದೇ ಓವನ್ ಸೀರೆ ಹೊದ್ದು ಕೂತಿತ್ತು. ರವಿಕಿರಣ ಫ್ಯಾನಿನ ಮೋಟರಿಗೆ ತಾಮ್ರದ ತಂತಿ ಸುತ್ತುತ್ತಿದ್ದ. ಅವಳು ಗಲ್ಲಕ್ಕೆ ಕೈ ಕೊಟ್ಟು ನೋಡುತ್ತಿದ್ದಳು.

"ಎಷ್ಟು ಸುತ್ತು?"

"ಮಾತಾಡಿಸ್ಬೇಡಿ, ಎಣಿಕೆ ತಪ್ತದೆ."

"ತಪ್ಪಿದ್ರೆ?"

"ಮೊದಲಿಂದ ಸುತ್ಬೇಕು."

"ಹಂಗಾದ್ರೆ ಮಾತಾಡ್ತೆ," ಎಂದಳು ನೀತಾ.

ಆ ದಿನ ಅವನು ಮೂರು ಸಲ ಮೊದಲಿಂದ ಸುತ್ತಿದ. ಒಂದು ಸಲವೂ ಬೇಸರವಾಗಲಿಲ್ಲ.

ಮುಂದಿನ ಬುಧವಾರವೂ ಬಂದಳು. ಅಂಗನವಾಡಿಯಲ್ಲಿ ಉಪ್ಪಿಟ್ಟು ಉಣ್ಣದ ಮಗುವಿಗೆ ಮೀನಿನ ಕಥೆ ಹೇಳಿ ಉಣ್ಣಿಸಿದ್ದನ್ನು ಕೈಬಾಯಿ ತಿರುಗಿಸಿ ಹೇಳಿದಳು. ಅವಳು ಸಿಗಡಿಯಾದರೆ ಸಿಗಡಿಯೇ, ಏಡಿಯಾದರೆ ಏಡಿಯೇ. ರವಿಕಿರಣ ಇಷ್ಟು ದಿನ ಕೆಟ್ಟ ಯಂತ್ರಗಳನ್ನು ನೋಡಿ ಬದುಕಿದವನು. ಎಲ್ಲ ಭಾಗಗಳೂ ಹೀಗೆ ಒಟ್ಟಿಗೆ ನಗುವ ಜೀವವನ್ನು ಕಂಡಿರಲಿಲ್ಲ. ಒಂದು ಫೋನ್ ಮಾಡಿ ಕೇಳಬಹುದಾದ ಮಾತಿಗೆ ಇವಳು ಬಿಸಿಲಲ್ಲಿ ಯಾಕೆ ಬರುತ್ತಾಳೆ ಎಂದು ಮಾತ್ರ ಆ ಜಾಣನಿಗೆ ಹೊಳೆಯಲಿಲ್ಲ.

ಅದರ ಮುಂದಿನ ಬುಧವಾರ ಅವಳು ಕೂರಲಿಲ್ಲ.

"ಸೇಬೆಲ್ಲ ಸುಕ್ಕಾಗ್ತಾ ಬಂತು ಮಿಸ್ತ್ರಿ. ಇನ್ನು ತಡ ಮಾಡಿದ್ರೆ ಆಗೂದಿಲ್ಲ. ಈ ಭಾನುವಾರವೇ ಕೊನೆ. ಆಮೇಲೆ ಯಾರೂ ನೋಡೂಕೆ ಬರೂದಿಲ್ಲ."

"ಎಂತಕೆ?" ಎಂದ ರವಿಕಿರಣ.

"ಸೋಮವಾರ ಎಲ್ಲಾ ಮುಗೀತದಲ್ಲ." ಅವಳ ಮುಖದಲ್ಲಿ ದೊಡ್ಡ ಕೆಲಸವೊಂದು ಮುಗಿಯುತ್ತಿರುವ ನಿರಾಳ. "ಬಾಬಾಗೂ ಸಾಕಾಗ್ಯದೆ, ನಂಗೂ ಸಾಕಾಗ್ಯದೆ."

ಅಂದರೆ ಮದುವೆ ಗೊತ್ತಾಗಿದೆ. ಸೋಮವಾರ ಮಾತುಕತೆ, ವೀಳ್ಯ, ಎಲ್ಲ. ರವಿಕಿರಣ ಅವತ್ತು ಬಾಳೆಗುಳಿಯ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತ. ಹಾರವಾಡ, ಅವರ್ಸಾ ದಾಟಿದ್ದು ತಿಳಿಯಲಿಲ್ಲ. ಕಂಡಕ್ಟರ್ ಕೂಗಿದ ಮೇಲೆ ಇಳಿದ. ಅವಳು ಬೇರೆಯವರ ಮನೆಗೆ ಹೋಗುತ್ತಾಳೆ ಎಂಬ ಸಂಕಟ ಒಂದು ಕಡೆ. ಇನ್ನೊಂದು ಕಡೆ, ಹೋಗುವ ಮೊದಲು ಅಪ್ಪನ ಓವನ್ನಿನಲ್ಲಿ ನಾಲ್ಕು ಸೇಬು ಬೇಯಿಸಬೇಕೆಂಬ ಅವಳ ಸಣ್ಣ ಆಸೆಯನ್ನೂ ತಾನು ಟೇಬಲ್ಲಿನ ಅಡಿ ಮುಚ್ಚಿಟ್ಟೆನಲ್ಲ ಎಂಬ ನಾಚಿಕೆ. ಯೋಚಿಸಿದಷ್ಟೂ ಎರಡನೆಯದೇ ಹೆಚ್ಚು ಕೊರೆಯಿತು. ಭಾನುವಾರ ತಾನೇ ಓವನ್ ಒಯ್ದು ಕೊಡುವುದು, ಮಾಡಿದ್ದನ್ನು ಹೇಳುವುದು, ಬೈದರೆ ಬೈಸಿಕೊಂಡು ಬರುವುದು ಎಂದು ನಿಶ್ಚಯಿಸಿದ.

ಭಾನುವಾರ ಬೆಳಿಗ್ಗೆ ಮೊದಲು ಹಣ್ಣಿನ ಅಂಗಡಿಗೆ ಹೋದ. ತನ್ನಿಂದಾಗಿ ಸುಕ್ಕಾದ ಸೇಬಿನ ಬದಲು ಹೊಸದು ಕೊಡದಿದ್ದರೆ ಹೇಗೆ?

"ನಾಲ್ಕು ಸೇಬು," ಎಂದ.

ಅಂಗಡಿಯ ದೇವಾನಂದ ಕಣ್ಣಲ್ಲೇ ಮರುಗಿದ. "ಯಾರು ಅಡ್ಮಿಟ್ಟು?"

"ಯಾರೂ ಇಲ್ಲ."

"ಮತ್ತೆ ಸೇಬು?"

ಆಗಿನ ಕಾರವಾರದಲ್ಲಿ ಹಾಗಿತ್ತು. ದೇವರಿಗೆ ಬಾಳೆ, ಮಕ್ಕಳಿಗೆ ಚಿಕ್ಕು, ಸೇಬೆಂದರೆ ರೋಗಿಯ ತಲೆದಿಂಬಿನ ಪಕ್ಕದ ಹಣ್ಣು. ಚೆನ್ನಾಗಿದ್ದವರು ತಿನ್ನಬಾರದೆಂದು ಯಾರೂ ಹೇಳಿರಲಿಲ್ಲ, ಆದರೂ ಯಾರೂ ತಿನ್ನುತ್ತಿರಲಿಲ್ಲ. "ಹುಷಾರಾಗ್ಲಿ," ಎಂದು ಹರಸಿಯೇ ದೇವಾನಂದ ಹಣ್ಣು ಕಟ್ಟಿಕೊಟ್ಟ.

ಬೈತಖೋಲದಲ್ಲಿ ರಿಕ್ಷಾ ಇಳಿದು, ಒಣಹಾಕಿದ ಬಲೆಗಳನ್ನು ಸುತ್ತುಬಳಸಿ, ಅಂಗನವಾಡಿ ಟೀಚರ ಮನೆ ಕೇಳಿಕೊಂಡು ಹೋದ. ಬಗಲಲ್ಲಿ ಓವನ್, ಕೈಯಲ್ಲಿ ಸೇಬು. ಜಗುಲಿಯಲ್ಲಿ ಚಪ್ಪಲಿಗಳ ಸಾಲಿರುತ್ತದೆ, ಒಳಗೆ ಹೊಸ ಶರಟಿನವನೊಬ್ಬ ಕೂತಿರುತ್ತಾನೆ ಎಂದು ಎದೆ ಗಟ್ಟಿ ಮಾಡಿಕೊಂಡಿದ್ದ.

ಜಗುಲಿಯಲ್ಲಿ ಒಂದು ಆರಾಮಕುರ್ಚಿ ಇತ್ತು. ಅದರಲ್ಲಿ ಬಿಳಿ ಮೀಸೆಯ ಒಬ್ಬರು ಒರಗಿದ್ದರು. ಅವರ ಎಡಗಾಲು ಮೊಣಕಾಲಿನವರೆಗೆ ಪ್ಲಾಸ್ಟರಿನಲ್ಲಿ, ಸ್ಟೂಲಿನ ಮೇಲೆ. ಅವರು ಓವನ್ ನೋಡಲಿಲ್ಲ, ರವಿಕಿರಣನನ್ನೂ ನೋಡಲಿಲ್ಲ. ಅವನ ಕೈಯ ಚೀಲ ನೋಡಿದರು.

"ಅರೇ ದೇವಾ! ಮತ್ತೆ ಸಫರಚಂದ, ಮತ್ತೆ ಸೇಬು!" ಎಂದು ಹಣೆ ಚಚ್ಚಿಕೊಂಡು ಒಳಗೆ ಕೂಗಿದರು. "ನೀತಾ, ನನ್ನ ನೋಡೂಕೆ ಇನ್ನೊಬ್ಬ ಬಂದ!"

ರವಿಕಿರಣ ಅಲ್ಲೇ ನಿಂತುಬಿಟ್ಟ. ಜಗುಲಿಯ ಮೂಲೆಯಲ್ಲಿ ಒಂದು ಮೀನುಬುಟ್ಟಿ, ಅದರ ತುಂಬ ಸೇಬು. ಕಿಟಕಿಯ ಮೇಲೆ ಸೇಬು. ದೇವರ ಫೋಟೋದ ಮುಂದೆ ಐದು ಸೇಬು.

"ಜೆಟ್ಟಿ ಮೇಲೆ ಮಂಜುಗಡ್ಡೆ ತುಳಿದು ಜಾರ್ದೆ," ಎಂದರು ನೀತಾಳ ಅಪ್ಪ ಶಾಂತಾರಾಮ. "ಮೂವತ್ತು ವರ್ಷ ಹಡಗಲ್ಲಿ ಬೀಳ್ದವ, ನೆಲದ ಮೇಲೆ ಬಿದ್ದೆ. ಒಂದೂವರೆ ತಿಂಗ್ಳಾತು. ನೋಡೂಕೆ ಬಂದೋರೆಲ್ಲ ಇದನ್ನೇ ತಂದ್ರು. ಒಬ್ಬನಾದ್ರೂ ನಾಲ್ಕು ಬಂಗಡೆ ಮೀನು ತಂದಿದ್ರೆ! ನಾಳೆ ಪ್ಲಾಸ್ಟರ್ ಬಿಚ್ತಾರೆ, ಈ ಪೀಡೆ ಮುಗೀತದೆ."

ನೋಡೂಕೆ ಬರುವುದು! ಸೋಮವಾರ ಮುಗಿಯುವುದು! ರವಿಕಿರಣನಿಗೆ ಆ ಪ್ಲಾಸ್ಟರಿನ ಕಾಲನ್ನು ಹಿಡಿದು ನಮಸ್ಕಾರ ಮಾಡಬೇಕೆನ್ನಿಸಿತು. ಅಪ್ಪ ಬಿದ್ದದ್ದು ಊರಿಗೆಲ್ಲ ಗೊತ್ತಿರುವ ಸುದ್ದಿಯೆಂದು ಅವಳು ಬಿಡಿಸಿ ಹೇಳಿರಲಿಲ್ಲ, ಬಾಳೆಗುಳಿಯ ಇವನು ಕೇಳಿರಲಿಲ್ಲ.

ನೀತಾ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು. ಅಂಗಡಿಯಲ್ಲಿ ನೋಡಿದ ಚೂಡಿದಾರಲ್ಲ, ಮನೆಯ ಹತ್ತಿಸೀರೆ. ಕೆನ್ನೆಗೆ ಅಕ್ಕಿಹಿಟ್ಟು ಹತ್ತಿತ್ತು.

"ಮಿಸ್ತ್ರಿ! ಕಾಯಿಲ್ ಬಂತಾ?"

"ಬಂತು," ಎಂದ. ಮಾಡಿದ್ದನ್ನು ಹೇಳುವ ಮೊದಲೇ ಅವಳು ಗಂಟು ಎತ್ತಿಕೊಂಡಳು.

ಓವನ್ ಒಳಗೆ ಹೋಯಿತು, ಪ್ಲಗ್ ಹಾಕಿದ್ದಾಯಿತು. ಕೆಂಪು ದೀಪ ಹತ್ತಲಿಲ್ಲ. ಲೈನಿನ ಕೆಲಸವಂತೆ, ಸಂಜೆಯ ತನಕ ಕರೆಂಟಿಲ್ಲ. ಶಾಂತಾರಾಮರ ಮೀಸೆ ಇಳಿದುಹೋಯಿತು. "ಇವತ್ತು ತಿನ್ನೂದೇ ಅಂತ ಬಾಯಿ ತೊಳ್ದು ಕೂತಿದ್ದೆ," ಎಂದರು, ಮಗುವಿನ ದನಿಯಲ್ಲಿ.

ನೀತಾ ಅಪ್ಪನನ್ನು ನೋಡಿದಳು, ರವಿಕಿರಣನನ್ನು ನೋಡಿದಳು, ಸ್ವಲ್ಪ ತಡೆದಳು. ಆಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ಎಂಬಂತೆ, "ಆಯಿಯ ತವಸಳಿ ಪಾತ್ರೆ ಅದೆಯಲ್ಲ," ಎಂದಳು.

ತವಸಳಿ ತಿನ್ನದವರು ಆ ಕಡೆ ಯಾರಿದ್ದಾರೆ? ಸೌತೆಕಾಯಿ, ಬೆಲ್ಲ, ಅಕ್ಕಿರವೆ ಕಲಸಿ ದಪ್ಪ ತಾಮ್ರದ ಪಾತ್ರೆಗೆ ಸುರಿದು, ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ ಹಾಕಿ ಬೇಯಿಸುವ ಸಿಹಿ. ನೀತಾಳ ಆಯಿ, ಎಂದರೆ ಅಮ್ಮ, ಭಾನುವಾರದ ಮೀನುಪೇಟೆಗೆ ಹೋಗಿದ್ದಳು, ಪಾತ್ರೆ ಅಟ್ಟದಲ್ಲಿತ್ತು. ರವಿಕಿರಣ ಇಳಿಸಿಕೊಟ್ಟ. ನೀತಾ ಹಿತ್ತಲಲ್ಲಿ ತೆಂಗಿನ ಗರಟೆಗೆ ಬೆಂಕಿ ಹಚ್ಚಿದಳು.

"ಕುರ್ಚಿ ಒಳಗೆ ತನ್ನಿ," ಎಂದು ಶಾಂತಾರಾಮ ಆಜ್ಞೆ ಮಾಡಿದರು. ಹಿತ್ತಲ ಬಾಗಿಲಲ್ಲಿ ಕೂತು, ಕಾಲು ಚಾಚಿ, ಒಮ್ಮೆಲೇ ಹಡಗಿನ ಅಡಿಗೆಮನೆಯ ಯಜಮಾನರಾದರು. "ಗಟ್ಟಿ ಇದ್ದದ್ದು ತಗೊ. ಮೇಲಿಂದ ಕೊರಿ. ತಳ ತೂತಾಗೂಕೆ ಬಿಡ್ಬೇಡ, ರಸ ಹೋತದೆ."

ನೀತಾ ಸಿಗಡಿಯ ನರ ತೆಗೆಯುವ ಸಣ್ಣ ಚೂರಿ ತೆಗೆದುಕೊಂಡಳು. ತೊಟ್ಟಿನ ಸುತ್ತ ಚೂರಿ ಒಂದು ಸುತ್ತು ಬಂತು, ಚಮಚ ಇಳಿಯಿತು, ಬೀಜದ ಗೂಡು ಪೂರ್ತಿಯಾಗಿ ಮೇಲೆ ಬಂತು. ಒಂದು ಬೀಜವೂ ಉಳಿಯಲಿಲ್ಲ. ದಿನವಿಡೀ ಸೂಕ್ಷ್ಮ ಕೆಲಸ ಮಾಡುವ ರವಿಕಿರಣನಿಗೆ ಕೈಗಳ ಬೆಲೆ ಗೊತ್ತಿತ್ತು. ಈ ಕೈಗೆ ಅವಸರವಿರಲಿಲ್ಲ, ಅನುಮಾನವಿರಲಿಲ್ಲ. ಅವನಿಗೂ ಒಂದು ಸೇಬು ಸಿಕ್ಕಿತು. ಮೋಟರ್ ಬಿಚ್ಚುವ ಶ್ರದ್ಧೆಯಿಂದ ಕೊರೆದ, ತಳ ತೂತು ಮಾಡಿದ.

"ಅದು ನಿಮ್ಮ ಪಾಲಿಗೆ," ಎಂದಳು ನೀತಾ.

ಕೊರೆದ ಗುಳಿಗೆ ಸಕ್ಕರೆ, ನಾಲ್ಕು ಒಣದ್ರಾಕ್ಷಿ, ಗೋಡಂಬಿಯ ಚೂರು, ಚಿಟಿಕೆ ದಾಲ್ಚಿನ್ನಿ ಪುಡಿ. ಮೇಲೆ ಬೆಣ್ಣೆಯ ಒಂದು ಗೋಲಿ, ಬಾಯಿ ಮುಚ್ಚುವಂತೆ. ಅಷ್ಟೇ. ಇನ್ನೇನೂ ಇಲ್ಲ.

"ಸೊಂಟದ ಸುತ್ತ ಸಿಪ್ಪೆಗೆ ಒಂದು ಗೆರೆ ಕೊಯ್ಯಿ," ಎಂದರು ಶಾಂತಾರಾಮ. "ಇಲ್ದಿದ್ರೆ ಒಳಗಿನ ಬಿಸಿ ಹೊರಗೆ ಬರೂಕೆ ದಾರಿ ಇಲ್ದೆ ಹಣ್ಣು ಒಡೀತದೆ. ಎಷ್ಟು ಒಳ್ಳೆ ಹಣ್ಣಾದ್ರೂ ಒಡೀತದೆ."

ರವಿಕಿರಣನಿಗೆ ಮಾತು ತನಗೇ ಹೇಳಿದಂತಾಯಿತು.

ನೀತಾ ಆರು ಸೇಬುಗಳನ್ನು ಪಾತ್ರೆಯಲ್ಲಿ ಒಂದಕ್ಕೊಂದು ಒರಗಿಸಿ ಕೂರಿಸಿದಳು, ತಳಕ್ಕೆ ಅರ್ಧ ಲೋಟ ನೀರು ಬಿಟ್ಟಳು, ಮುಚ್ಚಳ ಹಾಕಿ ಮೇಲೆ ಕೆಂಡ ಹರಡಿದಳು. ಆಮೇಲೆ ಕೆಂಡದ ಮೇಲೆ ಅಂಗೈ ಹಿಡಿದು ಕಣ್ಣು ಮುಚ್ಚಿ ಎಣಿಸಿದಳು. ಎಂಟಕ್ಕೆ ಕೈ ತೆಗೆದಳು. "ಜಾಸ್ತಿ ಆತು," ಎಂದು ಎರಡು ಕೆಂಡ ಇಕ್ಕಳದಿಂದ ತೆಗೆದಳು. ಮತ್ತೆ ಹಿಡಿದಳು. ಹತ್ತು. "ಈಗ ಸರಿ. ತವಸಳಿಗಾದ್ರೂ ಹತ್ತು, ಇದಕ್ಕಾದ್ರೂ ಹತ್ತು."

ನಾನು ಮೀಟರ್ ಇಟ್ಟು ನೋಡುವುದನ್ನು ಇವಳು ಅಂಗೈಯಲ್ಲಿ ನೋಡುತ್ತಾಳೆ ಎಂದುಕೊಂಡ ರವಿಕಿರಣ. ಅರ್ಧ ಗಂಟೆ ಕಳೆಯಿತು. ಬೆಂಕಿಯ ಬೆಳಕು ಅವಳ ಗಲ್ಲದ ಕೆಳಗೆ ಆಡುತ್ತಿತ್ತು. ಅಕ್ಕಿಹಿಟ್ಟು ಇನ್ನೂ ಕೆನ್ನೆಯ ಮೇಲೇ ಇತ್ತು. ಅದನ್ನು ಒರೆಸಬೇಕೆಂಬ ಆಸೆ ಎಷ್ಟು ಜೋರಾಗಿತ್ತೆಂದರೆ, ಅವನು ತನ್ನ ಎರಡೂ ಕೈಗಳನ್ನು ಬಗಲಲ್ಲಿ ಇಟ್ಟುಕೊಂಡ.

"ಅಂಗನವಾಡಿ ಮಕ್ಕಳ ಹಂಗೆ ಕೈ ಕಟ್ಕಂಡು ಕೂತ್ರಿ," ಎಂದು ಅವಳು ಓರೆಗಣ್ಣಲ್ಲಿ ನೋಡಿದಳು. "ಬಾಯೂ ಮುಚ್ಕಂಡೀರಿ. ಎಂತದು?"

"ನೀತಾ, ಓವನ್ ಇವತ್ತು ರೆಡಿ ಆದದ್ದಲ್ಲ."

"ಮತ್ತೆ?"

"ಇಪ್ಪತ್ತು ದಿನ ಆತು. ಟೇಬಲ್ ಕೆಳಗೇ ಇತ್ತು. ನೀವು ಕೂತ ಸ್ಟೂಲಿನ ಪಕ್ಕ."

ಅವಳ ಕೈಯ ಇಕ್ಕಳ ಗಾಳಿಯಲ್ಲೇ ನಿಂತಿತು. ಗರಟೆಯೊಂದು ಚಟ್ ಎಂದು ಸಿಡಿಯಿತು. ಬಾಗಿಲಲ್ಲಿ ಶಾಂತಾರಾಮ ಕೆಮ್ಮಿದರು, ಆದರೆ ಮುಖ ಬೇರೆ ಕಡೆ ತಿರುಗಿಸಲಿಲ್ಲ.

"ನೋಡೂಕೆ ಬತ್ತಾರೆ ಅಂದ್ರಲ್ಲ, ನಿಮ್ಮನ್ನ ನೋಡೂಕೆ ಅಂತ ತಿಳ್ದೆ. ಓವನ್ ಕೊಟ್ರೆ ಅವ್ರು ಸೇಬು ತಿಂದು ಒಪ್ತಾರೆ ಅನ್ನಿಸ್ತು. ಕೊಡದಿದ್ರೆ ಇನ್ನೊಂದು ಬುಧವಾರ ಬತ್ತೀರಿ ಅಂತಲೂ ಅನ್ನಿಸ್ತು. ತಪ್ಪು ಮಾಡ್ದೆ. ಅದಕ್ಕೇ ಈ ಹಣ್ಣು ತಂದೆ." ಹೇಳುತ್ತ ಹೇಳುತ್ತ ಅವನ ಕಿವಿ ಕೆಂಪಾಗಿತ್ತು. "ಬೈದುಬಿಡಿ."

ನೀತಾ ಮುಚ್ಚಳದ ಮೇಲೆ ಅಂಗೈ ಹಿಡಿದು ಮತ್ತೆ ಎಣಿಸತೊಡಗಿದಳು. ಆ ಹತ್ತು ಎಣಿಕೆಯಷ್ಟು ಉದ್ದದ ಹೊತ್ತನ್ನು ರವಿಕಿರಣ ಅವತ್ತಿನವರೆಗೆ ಕಂಡಿರಲಿಲ್ಲ.

"ಮಿಸ್ತ್ರಿ," ಎಂದಳು ಕೊನೆಗೆ, ಕೆಂಡವನ್ನೇ ನೋಡುತ್ತ. "ಈ ಪಾತ್ರೆ ಎಷ್ಟು ದಿನದಿಂದ ನಮ್ಮ ಅಟ್ಟದಲ್ಲಿ ಅದೆ ಗೊತ್ತಾ?"

"ಇಲ್ಲ."

"ಆಯಿಯ ಮದ್ವೆಯಿಂದ. ಗರಟೆ ಹಿತ್ತಲಲ್ಲಿ ರಾಶಿ ಅದೆ. ಕೆಂಡದ ಲೆಕ್ಕ ನನಗೆ ಹತ್ತು ವರ್ಷದವಳಿದ್ದಾಗಿಂದ ಗೊತ್ತು. ಹಂಗಾದ್ರೆ ಮೂರು ಬುಧವಾರ ಈ ಬಿಸಿಲಲ್ಲಿ ನಿಮ್ಮ ಅಂಗಡಿಗೆ ಎಂತಕೆ ಬಂದೆ?"

ಹೇಳಿ, ಅವಳು ಮೊದಲ ಬಾರಿ ತಲೆ ತಗ್ಗಿಸಿದಳು. ಇಷ್ಟು ಹೊತ್ತು ಅವನ ಕಿವಿಯಲ್ಲಿದ್ದ ಕೆಂಪು ಈಗ ಅವಳ ಕೆನ್ನೆಗೆ ಬಂದಿತ್ತು, ಅಕ್ಕಿಹಿಟ್ಟಿನ ಸುತ್ತ. ರವಿಕಿರಣನ ಎದೆಯಲ್ಲಿ ಸಂತೋಷ ಹಿಡಿಸಲಾರದಷ್ಟು ತುಂಬಿತು. ಅವನು ಬಗಲಿನಿಂದ ಕೈ ತೆಗೆದು, ಹೆಬ್ಬೆರಳಿನಿಂದ ಆ ಹಿಟ್ಟನ್ನು ಒರೆಸಿದ.

"ಹಣ್ಣು ಸೀದು ಹೋತದೆ!" ಎಂದು ಗುಡುಗಿದರು ಶಾಂತಾರಾಮ. ಇಬ್ಬರೂ ಬೆಚ್ಚಿಬಿದ್ದು ಮುಚ್ಚಳ ತೆಗೆದರು.

ಸೀದಿರಲಿಲ್ಲ. ಹಬೆಯೊಳಗೆ ಆರು ಸೇಬುಗಳು ಮೆತ್ತಗಾಗಿ, ಕಂದುಬಣ್ಣಕ್ಕೆ ತಿರುಗಿ, ಗೆರೆ ಕೊಯ್ದಲ್ಲಿ ಸಿಪ್ಪೆ ಅಷ್ಟಷ್ಟೇ ಬಿರಿದು ಕೂತಿದ್ದವು. ಬೆಣ್ಣೆ, ಸಕ್ಕರೆ, ಹಣ್ಣಿನ ರಸ ಸೇರಿ ತಳದಲ್ಲಿ ಜೇನಿನ ಬಣ್ಣದ ಪಾಕವಾಗಿತ್ತು. ತಳ ತೂತಾದ ರವಿಕಿರಣನ ಸೇಬು ತನ್ನ ರಸವನ್ನೆಲ್ಲ ಪಾತ್ರೆಗೆ ಬಿಟ್ಟುಕೊಟ್ಟು ಚಪ್ಪಟೆಯಾಗಿತ್ತು. ನೀತಾ ಮೂರು ಚಮಚ ಪಾಕ ಎತ್ತಿ ಅದರ ಮೇಲೆಯೇ ಸುರಿದು ಅವನ ಕೈಗೆ ಕೊಟ್ಟಳು.

ಅವನು ಒಂದು ಚಮಚ ಬಾಯಿಗಿಟ್ಟ. ನಾಲಿಗೆಯ ಮೇಲೆ ಹಣ್ಣು ತಾನಾಗಿ ಕರಗಿತು. ಹುಳಿ ಮೊದಲು, ಸಿಹಿ ಆಮೇಲೆ, ದಾಲ್ಚಿನ್ನಿ ಎಲ್ಲಕ್ಕಿಂತ ಕೊನೆಗೆ. ಜೊತೆಗೆ ಯಾವ ಓವನ್ನೂ ಕೊಡಲಾರದ ಗರಟೆಯ ಹೊಗೆಯ ಒಂದು ಎಳೆ. ಹಾಗೇ ತಿನ್ನುವ ಹಣ್ಣನ್ನು ಯಾಕೆ ಬೇಯಿಸುತ್ತಾರೆಂದು ಅವನಿಗೆ ಈಗ ಗೊತ್ತಾಯಿತು.

ಶಾಂತಾರಾಮ ಕಣ್ಣು ಮುಚ್ಚಿ ಇಡೀ ಹಣ್ಣು ಮುಗಿಸಿದರು. ಬಟ್ಟಲು ಕೆರೆದರು. ಆಮೇಲೆ ಕಣ್ಣು ತೆರೆದು, "ನನ್ನ ಹಡಗಿನ ಕ್ಯಾಪ್ಟನ್ನೂ ಇಂಥದ್ದು ತಿಂದಿಲ್ಲ, ಮಗಾ," ಎಂದರು ಮಗಳಿಗೆ. ನಂತರ ರವಿಕಿರಣನತ್ತ ತಿರುಗಿ ಅವನು ತಂದ ಚೀಲವನ್ನು ಬೆರಳಲ್ಲಿ ತೋರಿಸಿದರು. "ನನ್ನ ಕಾಲಿನ ಸುದ್ದಿ ನಿಂಗೆ ಗೊತ್ತೇ ಇರ್ಲಿಲ್ಲ. ಹಂಗಾದ್ರೆ ಈ ಹಣ್ಣು ಯಾವ ರೋಗಿಗೆ ತಂದದ್ದು?"

ರವಿಕಿರಣ ನೀತಾಳನ್ನು ನೋಡಿದ. "ನಂಗೇ ಹುಷಾರಿಲ್ಲ," ಎಂದ.

"ಎಷ್ಟು ದಿನದಿಂದ?"

"ಓವನ್ ಬಂದ ದಿನದಿಂದ."

ಮುದುಕರ ಮೀಸೆ ಅಲುಗಿತು. ಮಗಳ ಮುಖ ನೋಡಿದರು. ಅವಳು ಪಾತ್ರೆಯ ತಳದ ಪಾಕವನ್ನು ಕೆರೆಯುತ್ತಿದ್ದಳು, ಅಲ್ಲಿ ಕೆರೆಯಲು ಏನೂ ಉಳಿದಿರಲಿಲ್ಲ.

"ಆಯಿ ಪೇಟೆಯಿಂದ ಬರ್ಲಿ, ನಾನು ಹೇಳ್ತೆ," ಎಂದರು. "ನಾಳೆ ಈ ಪ್ಲಾಸ್ಟರ್ ಹೋಗ್ಲಿ. ಬಾಳೆಗುಳಿಯಲ್ಲಿ ಮನೆ ಎಲ್ಲಿ, ಮಿಸ್ತ್ರಿ?"

"ಹೈವೇಯಿಂದ ಸ್ವಲ್ಪ ಒಳಗೆ. ಎಂತಕೆ?"

ಉತ್ತರ ಕೊಟ್ಟವಳು ನೀತಾ. ಇನ್ನೊಂದು ಬಿಸಿ ಸೇಬನ್ನು, ಈ ಸಲ ತಳ ಗಟ್ಟಿಯಿದ್ದದ್ದನ್ನು, ಅವನ ಬಟ್ಟಲಿಗೆ ಇಳಿಸುತ್ತ ಹೇಳಿದಳು:

"ಮನೇಲಿ ಹೇಳಿಟ್ಟಿರಿ, ರವಿಕಿರಣ. ಬರೂ ಭಾನುವಾರ ನಾವೇ ಬತ್ತೇವೆ ನೋಡೂಕೆ. ಸೇಬು ಮಾತ್ರ ತರೂದಿಲ್ಲ."